ತಡವಾಗಿ ತರಗತಿಗೆ ಬಂದವರು

ಕೇಳುಗರೇ, ನಮಸ್ಕಾರ.

ಮದುವೆ, ಮಕ್ಕಳು, ನೌಕರಿ ಎಲ್ಲ ಆದ ಮೇಲೆ ಮತ್ತೆ ಓದಲು ಬರುವವರು ನಮ್ಮ ವಿಜಯಪುರದ ಕಡೆ ಕಡಿಮೆಯೇನಿಲ್ಲ. ಊರಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇದೆ. ಮನೆಯಲ್ಲೇ ಓದುವವರಿಗೆ 1996ರಲ್ಲಿ ಶುರುವಾದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಆದರೆ ಹೀಗೆ ಬಂದವರು ತಮ್ಮನ್ನು ವಿದ್ಯಾರ್ಥಿ ಅಂದುಕೊಳ್ಳುತ್ತಾರಾ?

ನಾನು ಪಾಠ ಮಾಡುವಾಗ ಕಂಡಂತೆ, ಬಹಳ ಜನ ಅಂದುಕೊಳ್ಳುವುದಿಲ್ಲ. "ನಂದೇನ್ರಿ ಮೇಡಂ, ಸುಮ್ನೆ ಬಂದು ಹೋಗ್ತೀನಿ" ಅನ್ನುತ್ತಾರೆ. ಶುಲ್ಕ ಕಟ್ಟಿರುತ್ತಾರೆ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು ಬಸ್ಸು ಹಿಡಿದಿರುತ್ತಾರೆ. ಆದರೂ ಹಿಂದಿನ ಬೆಂಚಿನ ತುದಿಯಲ್ಲಿ, ಯಾರೋ ಎಬ್ಬಿಸುತ್ತಾರೆ ಅನ್ನುವ ಹಾಗೆ ಕೂತಿರುತ್ತಾರೆ. ಇದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸಮಾಜಶಾಸ್ತ್ರ ಎಂ.ಎ. ತರಗತಿಯಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆ ಇದ್ದರು. ವಯಸ್ಸು ನಲವತ್ತು ದಾಟಿತ್ತು. ಅವತ್ತು ವಲಸೆಯ ಪಾಠ. ಜನ ಊರು ಬಿಡುವುದಕ್ಕೆ ಪುಸ್ತಕದಲ್ಲಿದ್ದ ಕಾರಣಗಳನ್ನೆಲ್ಲ ಹೇಳುತ್ತಿದ್ದೆ. ಅವರು ಮೆಲ್ಲಗೆ ಅಂದರು: "ದೀಪಾವಳಿ ಆದಮ್ಯಾಲ ನಮ್ಮ ತಾಂಡಾಕ ಬರ್ರಿ ಮೇಡಂ. ಮುದುಕರಷ್ಟ ಇರ್ತಾರ. ಗೋವಾಕ್ಕ, ಮಹಾರಾಷ್ಟ್ರಕ್ಕ ದುಡಿಯಾಕ ಹೋಗಿರ್ತಾರ. ಮಕ್ಕಳ ತೂಕ ಬರೆಯೋ ರಿಜಿಸ್ಟರ್‌ನಾಗ ನಾಕೈದು ತಿಂಗಳು ಖಾಲಿ. ತಿರುಗಿ ಬಂದಾಗ ತೂಗಿದ್ರ, ಕೂಸು ಇಳಿದಿರ್ತೈತಿ." ಆಮೇಲೆ ಗಾಬರಿಯಿಂದ ಕೇಳಿದರು, "ತಪ್ಪಾತೇನ್ರಿ?"

ತಪ್ಪೆಲ್ಲಿ ಬಂತು? ಆ ಖಾಲಿ ಅಂಕಣಗಳನ್ನು ಅಷ್ಟು ವರ್ಷ ಕೈಯಾರೆ ಬರೆದವರು ಅವರು. ಸಂಶೋಧಕರು ತಿಂಗಳುಗಟ್ಟಲೆ ಅಲೆದು ಕಲೆಹಾಕುವಂಥ ಮಾಹಿತಿ ಅದು. ಅವರಿಗೆ ಮಾತ್ರ ಅದು ಓದಿಗೆ ಸಂಬಂಧವಿಲ್ಲದ ದಿನದ ಕೆಲಸ. ತಮಗೆ ಗೊತ್ತಿರುವುದು ವಿದ್ಯೆಯಲ್ಲ, ಪುಸ್ತಕದಲ್ಲಿರುವುದಷ್ಟೇ ವಿದ್ಯೆ ಅಂತ ಇವರಿಗೆ ಯಾರು ಹೇಳಿಕೊಟ್ಟರೋ! ಪಾಠ ಮಾಡುವ ನಮ್ಮ ಪಾಲೂ ಅದರಲ್ಲಿದೆ. ವಯಸ್ಸಾದವರು ಕೈ ಎತ್ತಿದರೆ ಬೇಗ ಮುಗಿಸಲಿ ಅನ್ನುವ ಅವಸರ ನಮ್ಮಲ್ಲಿ ಜಾಸ್ತಿ.

ಕಷ್ಟಗಳಿಲ್ಲ ಅಂತಲ್ಲ. ಬರೆಯುವ ರೂಢಿ ತಪ್ಪಿ ವರ್ಷಗಳಾಗಿರುತ್ತವೆ. ಮೂರು ತಾಸಿನ ಪರೀಕ್ಷೆಯಲ್ಲಿ ಬೆರಳು ಸೆಟೆದುಕೊಳ್ಳುತ್ತವೆ. ಅದನ್ನೇ "ತಲೆ ಓಡೂದಿಲ್ಲ" ಅಂದುಕೊಳ್ಳುತ್ತಾರೆ. ತಲೆ ಚೆನ್ನಾಗೇ ಓಡುತ್ತಿರುತ್ತದೆ, ಕೈಗೆ ಅಭ್ಯಾಸ ಬೇಕು, ಅಷ್ಟೇ. ದಿನಾ ಒಂದು ಉತ್ತರ ಗಡಿಯಾರ ಇಟ್ಟುಕೊಂಡು ಬರೆಯಿರಿ. ತಿಳಿಯದ್ದನ್ನು ತರಗತಿಯಲ್ಲೇ ಕೇಳಿ. ಮೇಷ್ಟ್ರು ನಿಮಗಿಂತ ಚಿಕ್ಕವರಾದರೂ ಸಂಕೋಚ ಬೇಡ.

ಮನೆಯವರಿಗೂ ಒಂದು ಮಾತು. ಮಗನ ಪರೀಕ್ಷೆಗೆ ಟಿವಿ ಬಂದ್ ಮಾಡುತ್ತೀರಿ ಅಲ್ವಾ? ಅವನ ತಾಯಿಯ ಪರೀಕ್ಷೆಗೂ ಮಾಡಿ. ಆ ದಿನಗಳಲ್ಲಿ ರೊಟ್ಟಿಯ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಿ.

ನಮಸ್ಕಾರ.