ಹಿತ್ತಲ ತೊಗರಿ

ಕೇಳುಗರಿಗೆ ನಮಸ್ಕಾರ.

ಮೊದಲ ಸಲ ಹಿತ್ತಲಲ್ಲಿ ತೊಗರಿ ಹಾಕಿದಾಗ ನಾಲ್ಕು ಗಿಡದಲ್ಲಿ ಮೂರನ್ನು ಕಳೆದುಕೊಂಡೆ. ಹುಳ ತಿಂದಿರಲಿಲ್ಲ. ನಾನು ದಿನಾ ನೀರು ಹಾಕಿದ್ದೇ ಕಾರಣ. ತಿಂಗಳು ಕಳೆದರೂ ಗಿಡ ಗೇಣುದ್ದ ದಾಟಿರಲಿಲ್ಲ. ಬಾಯಾರಿರಬೇಕು ಅಂದುಕೊಂಡೆ. ಎಲೆ ಹಳದಿಯಾಗಿ ಜೋತುಬಿದ್ದ ಮೇಲೆ ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು.

ತೊಗರಿಯ ಸ್ವಭಾವವೇ ಹಾಗೆ. ಮೊದಲ ಒಂದೂವರೆ ತಿಂಗಳು ಮೇಲೆ ಬೆಳೆಯುವುದು ಕಮ್ಮಿ, ಕೆಳಗೆ ಇಳಿಯುವುದು ಜಾಸ್ತಿ. ಮಣ್ಣು ಸಡಿಲವಿದ್ದರೆ ತಾಯಿಬೇರು ಆಳುದ್ದ ಇಳಿಯುತ್ತದೆ. ಆ ದಿನಗಳಲ್ಲಿ ಸುತ್ತಲಿನ ಕಳೆ ಕೀಳುತ್ತಿರಿ. ಎರಡು ಅಂಗುಲ ಕೆದಕಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಕೊಡಿ. ನೀರು ನಿಲ್ಲುವ ಜಾಗ ಮಾತ್ರ ಬೇಡವೇ ಬೇಡ.

ಬಿತ್ತುವುದು ಸುಲಭ. ಒಡೆದ ಬೇಳೆ ಮೊಳೆಯುವುದಿಲ್ಲ, ಸಿಪ್ಪೆ ಇರುವ ಇಡೀ ಕಾಳು ಬೇಕು. ಒಂದಂಗುಲ ಆಳಕ್ಕೆ, ಗುಣಿಗೆ ಮೂರು ಕಾಳು ಊರಿ. ಗುಣಿಯಿಂದ ಗುಣಿಗೆ 3 ಅಡಿಯಾದರೂ ಇರಲಿ. ಒಂದು ವಾರದಲ್ಲಿ ಮೊಳಕೆ ಬರುತ್ತದೆ. ಬೀನ್ಸ್ ಮೊಳೆತಾಗ ಕಾಳಿನ ಎರಡು ಹೋಳು ಮಣ್ಣು ಸೀಳಿ ಮೇಲೆ ಬರುತ್ತವೆ, ನೋಡಿದ್ದೀರಲ್ವಾ? ತೊಗರಿಯಲ್ಲಿ ಅವು ಮಣ್ಣೊಳಗೇ ಉಳಿಯುತ್ತವೆ. ಕುಡಿ ಮಾತ್ರ ಹೊರಗೆ ಬರುತ್ತದೆ.

ತಿಂಗಳಾದ ಮೇಲೆ ಗುಣಿಗೆ ಒಂದು ಸಸಿ ಉಳಿಸಿ, ಮಿಕ್ಕದ್ದನ್ನು ಕೀಳಿ. ಕಿತ್ತದ್ದರಲ್ಲಿ ಒಂದರ ಬೇರನ್ನು ತೊಳೆದು ನೋಡಿ. ಸಾಸಿವೆಯಷ್ಟು ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ, ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಅಂತ ಅರ್ಥ. ಯೂರಿಯಾ ಹಾಕುವ ಅಗತ್ಯವೇ ಇಲ್ಲ. ಆ ನಸುಗೆಂಪು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಐವತ್ತು ದಿನದ ಸುಮಾರಿಗೆ ತುದಿ ಚಿವುಟಿದರೆ ಕವಲು ಜಾಸ್ತಿ ಒಡೆಯುತ್ತವೆ. ಹೆಚ್ಚಿನ ತಳಿಗಳು ಹೂ ಬಿಡುವುದು ಹಗಲು ಕಿರಿದಾಗುವಾಗ. ಹಳದಿ ಹೂಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಗಾಬರಿ ಬೇಡ, ಅದು ಸಹಜ.

ಕಾಯಿ ಕಚ್ಚಿದ ಮೇಲೆ ದಿನವೂ ಒಮ್ಮೆ ಹತ್ತಿರ ಹೋಗಿ ನೋಡಿ. ಗುಂಡನೆ ತೂತು, ಅದರೊಳಗೆ ತಲೆ ತೂರಿಸಿ ಅರ್ಧ ಮೈ ಹೊರಗೆ ಬಿಟ್ಟುಕೊಂಡ ಹಸಿರು ಹುಳ: ಅದೇ ಕಾಯಿಕೊರಕ. ಕೆಳಗೆ ಬಟ್ಟೆ ಹಾಸಿ ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿ. ಹುಳ ಉದುರುತ್ತವೆ, ಆರಿಸಿ ತೆಗೆಯಿರಿ. ಜೇನ್ನೊಣ ಹೂವಿಗೆ ಬರುವ ಹೊತ್ತಿನಲ್ಲಿ ವಿಷ ಹೊಡೆಯುವುದಕ್ಕೆ ನನಗಂತೂ ಮನಸ್ಸು ಬಾರದು.

ಕಾಳು ತುಂಬಿದ ಹಸಿ ಕಾಯಿಯನ್ನೇ ಬಿಡಿಸಿಕೊಳ್ಳಬಹುದು, ಒಣಗಿಸಿಯೂ ಇಟ್ಟುಕೊಳ್ಳಬಹುದು. ಕೊಯ್ಲಾದ ಮೇಲೆ ಗಿಡ ಕೀಳಬೇಡಿ. ಅರ್ಧಕ್ಕೆ ಸವರಿದರೆ ಮತ್ತೆ ಚಿಗುರುತ್ತದೆ, ಮೂರು ನಾಲ್ಕು ವರ್ಷ ಬಾಳುವ ಗಿಡ ಅದು. ಸೊರಗಿದ ಮೇಲೆ ಬುಡಕ್ಕೆ ಕೊಯ್ದು, ಬೇರನ್ನು ಮಣ್ಣಲ್ಲೇ ಬಿಡಿ. ಮುಂದಿನ ಸಲ ಅದೇ ಜಾಗದಲ್ಲಿ ಬದನೆ ನೆಡಿ.