ಕಾಕ್‌ಟೇಲ್ ಕಿಟ್‌ಗೆ ಯಾವ ರೈಡ್? 18 ಇಂಚಿನ ಪರವಾಗಿ ನಾಲ್ಕು ಮಾತು

ನಮಸ್ಕಾರ. ಕಾಕ್‌ಟೇಲ್ ಡ್ರಮ್ ಕಿಟ್ ಕೊಂಡವರು ಶುರುವಿನಲ್ಲಿ ಖುಷಿಯಾಗಿರುತ್ತಾರೆ. ಆಟೋದಲ್ಲಿ ಹಿಡಿಸುತ್ತದೆ, ಲಿಫ್ಟ್‌ನಲ್ಲಿ ಹಿಡಿಸುತ್ತದೆ. ಕೆಫೆಯ ಮೂಲೆಯಲ್ಲಿ ಎರಡು ಕುರ್ಚಿ ಸರಿಸಿದರೆ ಜಾಗ ಆಗಿಹೋಯಿತು. ತಲೆನೋವು ಶುರುವಾಗುವುದು ರೈಡ್ ಸಿಂಬಲ್, ಅಂದರೆ ಲಯ ಹಿಡಿದು ಬಿಡದೆ ಬಾರಿಸುವ ಲೋಹದ ತಟ್ಟೆ, ಹುಡುಕಲು ಹೊರಟಾಗ.

ಚಿಕ್ಕದು ಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಎಷ್ಟು ಚಿಕ್ಕದು, ಎಂಥ ಚಿಕ್ಕದು ಅಂತ ಕೇಳಿ ನೋಡಿ, ತಲೆಗೊಂದು ಮಾತು. ನನ್ನದು ಮೊದಲೇ ಹೇಳಿಬಿಡುತ್ತೇನೆ. 18 ಇಂಚಿಗಿಂತ ಕೆಳಗೆ ಇಳಿಯಬೇಡಿ. ಸಿಕ್ಕರೆ ಬೆಲ್ (ನಡುವಿನ ಉಬ್ಬು) ಇಲ್ಲದ ಫ್ಲ್ಯಾಟ್ ರೈಡ್ ತೊಗೊಳ್ಳಿ. ಒಪ್ಪದವರು ಪೂರ್ತಿ ಕೇಳಿ ಆಮೇಲೆ ಬೈಯಿರಿ.

ಈ ಕಿಟ್ ನೋಡಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1940 ಮತ್ತು 50ರ ದಶಕದಲ್ಲಿ ಅಮೆರಿಕದ ಬಾರ್, ಹೋಟೆಲ್ ಲೌಂಜ್‌ಗಳಲ್ಲಿ ಇದು ಓಡಾಡಿದ ಕಾಲ. ಮೂರು ಕಾಲಿನ ಮೇಲೆ ನಿಂತ ಒಂದೇ ಒಂದು ಉದ್ದನೆಯ ಡ್ರಮ್. ಮೇಲಿನ ಹೆಡ್ (ಬಿಗಿದ ಹೊದಿಕೆ) ಕೈಗೆ, ಕೆಳಗಿನ ಹೆಡ್ ಕಾಲಿಗೆ. ಪೆಡಲ್ ಒತ್ತಿದರೆ ಬೀಟರ್ ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತದೆ. ಸಿಂಬಲ್, ಕೌಬೆಲ್ (ಸ್ಟಿಕ್‌ನಿಂದ ಬಾರಿಸುವ ಲೋಹದ ಗಂಟೆ) ಇವೆಲ್ಲ ಡ್ರಮ್‌ನ ಮೈಗೇ ಸಿಕ್ಕಿಸಿದ ಕಂಬಿಗಳ ಮೇಲೆ ಕೂರುತ್ತವೆ. ಬಾರಿಸುವವರು ನಿಂತೇ ಬಾರಿಸಬೇಕು. ಗ್ರೆಚ್, ಲಡ್ವಿಗ್, ಸ್ಲಿಂಗರ್‌ಲ್ಯಾಂಡ್ ಕಂಪನಿಗಳೆಲ್ಲ ಇದನ್ನು ಮಾಡಿದವು. ಎಷ್ಟೋ ವರ್ಷದ ಮೇಲೆ ಯಮಹಾ ಕಂಪನಿ ಡ್ರಮ್ಮರ್ ಸ್ಟೀವ್ ಜೋರ್ಡನ್ ಜೊತೆ ಸೇರಿ ಕ್ಲಬ್ ಜೋರ್ಡನ್ ಅನ್ನುವ ಕಿಟ್ ತಂದಿತು.

ಎಲ್ಲವೂ ಡ್ರಮ್‌ನ ಮೈಗೇ ಸಿಕ್ಕಿಸಿರುತ್ತವೆ ಅಂದೆನಲ್ಲ, ತಕರಾರು ಇರುವುದು ಅಲ್ಲೇ. ಮಾಮೂಲಿ 22 ಇಂಚಿನ ರೈಡ್ ಎರಡೂವರೆ ಕಿಲೋ ದಾಟುತ್ತದೆ. ಅದನ್ನು ಒಂದು ಪಕ್ಕದ ಕಂಬಿಗೆ ಏರಿಸಿ ನೋಡಿ. ಇಡೀ ಡ್ರಮ್ ಆ ಕಡೆ ವಾಲುತ್ತದೆ, ಎದುರಿನ ಕಾಲು ಹಗುರಾಗುತ್ತದೆ. ಜೋರಾಗಿ ಒಂದು ಏಟು ಬಿದ್ದರೆ ಡ್ರಮ್ ಸ್ವಲ್ಪ ಜರುಗುತ್ತದೆ. ಕೆಳಗೆ ಬೀಟರ್ ತಾಗುವ ಜಾಗ ತಪ್ಪುತ್ತದೆ. ಬೇರೆ ಸ್ಟ್ಯಾಂಡ್ ಮೇಲೆ ಇಡಬಹುದಲ್ವಾ ಅಂತ ಕೇಳಬಹುದು. ಇಡಬಹುದು. ಆದರೆ ಸ್ಟ್ಯಾಂಡ್ ಹೊತ್ತುಕೊಂಡೇ ಹೋಗಬೇಕು ಅಂದರೆ ಈ ಕಿಟ್ ಯಾಕೆ ಕೊಂಡಿದ್ದು?

ಭಾರ ಬಿಡಿ, ಸದ್ದಿಗೆ ಬನ್ನಿ. ಇದರ ಬಾಸ್ ಡ್ರಮ್ ಅಂದರೆ 14 ಅಥವಾ 16 ಇಂಚಿನ ಕೆಳಗಿನ ಹೆಡ್. ಡುಪ್ ಅಂತ ಮೊಟಕಾಗಿ ಬಂದು ಹೋಗುತ್ತದೆ. ದೊಡ್ಡ ರೈಡ್‌ನ ಗುಂಯ್‌ಗುಡುವಿಕೆ ಅದರ ಮೇಲೆ ಕೂತರೆ ಆ ಡುಪ್ ಕೇಳಿಸುವುದೇ ಇಲ್ಲ.

ಹಾಗಾಗಿ ಚಿಕ್ಕದು ಬೇಕು, ಸರಿ. ಈಗ ಎಲ್ಲರೂ ಕೊಡುವ ಸಲಹೆ: ಮನೆಯಲ್ಲಿರುವ 16 ಇಂಚಿನ ಕ್ರ್ಯಾಶ್ ಹಾಕಿ ಬಾರಿಸಿ. ಇದು ನನಗೆ ಒಪ್ಪಿಗೆಯಿಲ್ಲ. ಕ್ರ್ಯಾಶ್ ಸಿಂಬಲ್‌ನ ಅಂಚು ತೆಳ್ಳಗಿರುತ್ತದೆ. ಒಂದೇ ಏಟಿಗೆ ಪೂರ್ತಿ ಅರಳಲಿ, ಬೇಗ ಆರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅದರ ಮೇಲೆ ರೈಡ್ ಥರ ಬಿಡದೆ ಬಾರಿಸುತ್ತಾ ಹೋದರೆ ಪ್ರತಿ ಏಟೂ ಹಿಂದಿನ ಏಟಿನ ಗದ್ದಲಕ್ಕೆ ಸೇರಿಕೊಳ್ಳುತ್ತದೆ. ನಾಲ್ಕು ಬಾರ್ (ತಾಳದ ಆವರ್ತ) ಚೆನ್ನಾಗಿರುತ್ತದೆ. ಎಂಟನೇ ಬಾರ್‌ಗೆ ಸ್ಟಿಕ್‌ನ ತುದಿ ತಾಗಿದ ಸದ್ದೇ ಮಾಯ, ಬರೀ ಶ್ ಅನ್ನುವ ಗಾಳಿ. ತಂತಿಯ ಬ್ರಶ್ ಹಿಡಿದರೆ ಕೇಳುವುದೇ ಬೇಡ.

ಇನ್ನೊಂದು ಗುಂಪು ಇದರ ವಿರುದ್ಧ ತುದಿಗೆ ಹೋಗುತ್ತದೆ. 14, 15 ಇಂಚಿನ ದಪ್ಪ ಸಿಂಬಲ್ ಹುಡುಕುತ್ತದೆ. ಅಳತೆ ಕಡಿಮೆಯಾದಷ್ಟೂ ಶ್ರುತಿ ಏರುತ್ತದೆ, ದಪ್ಪ ಜಾಸ್ತಿಯಾದರೂ ಏರುತ್ತದೆ. ಎರಡೂ ಸೇರಿದರೆ ಐಸ್‌ಕ್ಯಾಂಡಿ ಗಾಡಿಯ ಗಂಟೆ ಬಂದಂತೆ ಬರುತ್ತದೆ. ಏಟು ಸ್ಪಷ್ಟ, ಅನುಮಾನವೇ ಇಲ್ಲ. ಆದರೆ ಪಕ್ಕದಲ್ಲಿ ಹಾಡುವವರ ಕಿವಿಗೆ ನೇರವಾಗಿ ಚುಚ್ಚುತ್ತದೆ. ಚಿಕ್ಕ ಜಾಗದಲ್ಲಿ ಮೆಲ್ಲಗೆ ಬಾರಿಸಲೆಂದೇ ತಂದ ಕಿಟ್‌ಗೆ ಇಂಥದ್ದೊಂದು ಏಕೆ?

ಈಗ ನನ್ನ ಸಾಕ್ಷಿ. 1968ರಲ್ಲಿ ಪಿಯಾನೊ ವಾದಕ ಚಿಕ್ ಕೊರಿಯಾ, ಬಾಸ್‌ನಲ್ಲಿ ಮಿರೊಸ್ಲಾವ್ ವಿಟೌಶ್, ಡ್ರಮ್ಸ್‌ನಲ್ಲಿ ರಾಯ್ ಹೇನ್ಸ್ ಸೇರಿ ಮಾಡಿದ ಆಲ್ಬಂ ಇದೆ. ‘ನೌ ಹೀ ಸಿಂಗ್ಸ್, ನೌ ಹೀ ಸಾಬ್ಸ್’. ಜ್ಯಾಝ್ ಡ್ರಮ್ಮರ್‌ಗಳು ರೈಡ್ ಸದ್ದಿನ ಬಗ್ಗೆ ಮಾತಾಡುವಾಗ ಬಾಯಿಗೆ ಬರುವ ಆಲ್ಬಂಗಳಲ್ಲಿ ಇದೂ ಒಂದು. ಅದರಲ್ಲಿ ಹೇನ್ಸ್ ಬಾರಿಸಿದ್ದು ಪೈಸ್ಟೆ ಕಂಪನಿಯ ಫಾರ್ಮುಲಾ 602 ಫ್ಲ್ಯಾಟ್ ರೈಡ್. ಅಳತೆ 18 ಇಂಚು. ಕಾಕ್‌ಟೇಲ್ ಕಿಟ್‌ನಲ್ಲಲ್ಲ, ಮಾಮೂಲಿ ಕಿಟ್‌ನಲ್ಲೇ. ಅಷ್ಟು ವೇಗದಲ್ಲಿ ಒಂದೊಂದು ಏಟೂ ಬೇರೆ ಬೇರೆ ಕೇಳಿಸುತ್ತದೆ. ಪಿಯಾನೊದ ಒಂದು ಸ್ವರವೂ ಮುಚ್ಚಿಹೋಗುವುದಿಲ್ಲ.

ಕಾರಣ ಸರಳ. ಮಧ್ಯದ ಉಬ್ಬು, ಅಂದರೆ ಬೆಲ್, ಸಿಂಬಲ್‌ನ ಸದ್ದನ್ನು ಹಿಗ್ಗಿಸುತ್ತದೆ. ಅದು ಇಲ್ಲದಿದ್ದರೆ ಸಿಂಬಲ್ ಹೆಚ್ಚು ಅರಳುವುದಿಲ್ಲ. ಎಷ್ಟು ಹೊತ್ತು ಬಾರಿಸಿದರೂ ಹಿಂದಿನ ಗುಂಯ್ ಒಂದು ಮಟ್ಟದಲ್ಲೇ ನಿಲ್ಲುತ್ತದೆ, ಸ್ಟಿಕ್‌ನ ಟಿಕ್ ಅದರ ಮೇಲೆ ತೇಲುತ್ತದೆ. ಮೈಕ್ ಇಲ್ಲದ ಹಾಡುಗಾರರ ಪಕ್ಕ ನಿಲ್ಲುವವರಿಗೆ ಇನ್ನೇನು ಬೇಕು? ಕೊರತೆಯೂ ಇದೆ. ಬೆಲ್ ಮೇಲೆ ಬಾರಿಸುವಂತಿಲ್ಲ, ಅಂಚಿಗೆ ಹೊಡೆದರೆ ಕ್ರ್ಯಾಶ್ ಥರ ಸಿಡಿಯುವುದೂ ಇಲ್ಲ. ಮಾರುಕಟ್ಟೆಗೆ ಬರುವ ಫ್ಲ್ಯಾಟ್ ರೈಡ್‌ಗಳಲ್ಲಿ ಜಾಸ್ತಿ 20 ಇಂಚಿನವೇ. 18 ಬೇಕೆಂದರೆ ಸೆಕೆಂಡ್ ಹ್ಯಾಂಡ್ ಮೇಲೆ ಕಣ್ಣಿಡಬೇಕು.

ಫ್ಲ್ಯಾಟ್ ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ಬೆಲ್ ಚಿಕ್ಕದಿರುವ 18 ಇಂಚಿನದು. ಇಲ್ಲಿ ಮೇಲೆ ಅಚ್ಚಾದ ಹೆಸರು ನಂಬಬೇಡಿ, ತೂಕ ನೋಡಿ. 1200 ಗ್ರಾಂ ಆಸುಪಾಸು ಇದ್ದರೆ ಅದು ತೆಳು ಕ್ರ್ಯಾಶ್, ರೈಡ್ ಕೆಲಸಕ್ಕೆ ನಿಲ್ಲುವುದಿಲ್ಲ. 1800 ದಾಟಿದರೆ ಮತ್ತೆ ಗಂಟೆಯ ಕಡೆ ಹೋಯಿತು. 1400ರಿಂದ 1600 ಗ್ರಾಂ ನನ್ನ ಪ್ರಕಾರ ಸರಿಯಾದ ಜಾಗ. ಕೈಯಿಂದ ಬಡಿದು ಮಾಡಿದ ಸಿಂಬಲ್‌ಗಳಲ್ಲಿ ಒಂದೇ ಮಾದರಿ, ಒಂದೇ ಅಳತೆ ಇದ್ದರೂ ಎರಡರ ನಡುವೆ 100 ಗ್ರಾಂ ಆಚೀಚೆ ಆಗುವುದು ಮಾಮೂಲು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಬ್ಯಾಗ್‌ಗೆ ಹಾಕಿಕೊಂಡು ಹೋಗಿ. ಅಂಗಡಿಯವರು ನಗಬಹುದು, ನಗಲಿ ಬಿಡಿ.

ಲೋಹದ ವಿಷಯ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಭಜನೆಯ ತಾಳ ಕಂಚಿನದ್ದಾದರೆ ಹೇಗೆ ನುಡಿಯುತ್ತದೆ, ಹಿತ್ತಾಳೆಯದ್ದಾದರೆ ಹೇಗೆ ಅಂತ ಕಿವಿಗೆ ಗೊತ್ತಿದೆ. ಇಲ್ಲೂ ಅದೇ ಲೆಕ್ಕ. ಬಿ20 ಅನ್ನುವುದು 80 ಪಾಲು ತಾಮ್ರ, 20 ಪಾಲು ತವರ, ಒಳ್ಳೆಯ ಕಂಚು. ಬಿ8 ಅಂದರೆ ತವರ 8 ಪಾಲು ಮಾತ್ರ, ಸದ್ದು ಸ್ವಲ್ಪ ಚೂಪು. ತೀರಾ ಅಗ್ಗದ ಸೆಟ್‌ಗಳು ಹಿತ್ತಾಳೆಯವು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಾಕ್ಸ್ ಅಂದರೆ 14ರ ಹೈ-ಹ್ಯಾಟ್ (ಪೆಡಲ್‌ನಿಂದ ಬಡಿಸುವ ಜೋಡಿ ಸಿಂಬಲ್), 16ರ ಕ್ರ್ಯಾಶ್, 20ರ ರೈಡ್. ನಮಗೆ ಬೇಕಾದ ಒಂದೇ ಒಂದು ಅದರಲ್ಲಿ ಇರುವುದಿಲ್ಲ. ಸೆಟ್ ಅಗ್ಗ ಅಂತ ಸುಮ್ನೆ ಕೊಳ್ಳಬೇಡಿ. ಆ ದುಡ್ಡನ್ನು ಒಂದೇ ಒಳ್ಳೆಯ ಸಿಂಬಲ್ ಮೇಲೆ ಹಾಕಿ.

ಪರೀಕ್ಷೆ ಹೇಗೆ? ನಿಮ್ಮದೇ ಸ್ಟಿಕ್, ನಿಮ್ಮದೇ ಬ್ರಶ್ ತೊಗೊಂಡು ಹೋಗಿ. ಅಂಗಡಿಯ ಸ್ಟೂಲ್ ಮೇಲೆ ಕೂರಬೇಡಿ, ನಿಂತು ಬಾರಿಸಿ. ಕಾಕ್‌ಟೇಲ್ ಕಿಟ್‌ನಲ್ಲಿ ಕಿವಿ ಸಿಂಬಲ್‌ಗಿಂತ ಎಷ್ಟೋ ಮೇಲಿರುತ್ತದೆ. ಕೂತು ಕೇಳಿದ ಸದ್ದೇ ಬೇರೆ, ನಿಂತು ಕೇಳಿದ ಸದ್ದೇ ಬೇರೆ. ಜೋರಾಗಿ ಎರಡು ಏಟು ಹೊಡೆದು ತಲೆಯಾಡಿಸುವುದು ಪರೀಕ್ಷೆಯಲ್ಲ. ಮಾತಾಡುವ ದನಿಗಿಂತ ಮೆಲ್ಲಗೆ, ಎರಡು ನಿಮಿಷ, ನಿಲ್ಲಿಸದೆ ಬಾರಿಸಿ. ಎರಡನೇ ನಿಮಿಷದ ಕೊನೆಯಲ್ಲೂ ಟಿಕ್ ಟಿಕ್ ಬಿಡಿಬಿಡಿಯಾಗಿ ಕೇಳುತ್ತಿದ್ದರೆ ಅದು ಸರಿಯಾದ ಸಿಂಬಲ್. ಆಮೇಲೆ ಜೊತೆಗೆ ಬಂದವರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ ಅವರ ಕಿವಿಯನ್ನೂ ಕೇಳಿ.

ಹಳೆಯದು ಕೊಳ್ಳುವುದಾದರೆ ಅಂಚಿನ ಸುತ್ತ ಉಗುರು ಓಡಿಸಿ. ಕೂದಲೆಳೆಯಷ್ಟು ಬಿರುಕಿದ್ದರೂ ಉಗುರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಡುವಿನ ತೂತು ಗುಂಡಗಿದೆಯಾ ನೋಡಿ. ಪ್ಲಾಸ್ಟಿಕ್ ಕೊಳವೆ ಹಾಕದೆ ಬಾರಿಸಿದ್ದರೆ ಕಂಬಿ ತಿಕ್ಕಿ ತಿಕ್ಕಿ ಒಂದು ಕಡೆ ಉದ್ದವಾಗಿರುತ್ತದೆ. ಬಣ್ಣ ಮಾಸಿದ್ದರೆ ಚಿಂತೆಯಿಲ್ಲ, ಬಿರುಕಿಗೆ ಮಾತ್ರ ರಾಜಿ ಬೇಡ.

ಸದ್ದು ಸ್ವಲ್ಪ ಜಾಸ್ತಿ ಅನ್ನಿಸಿದರೆ ಕೆಳಭಾಗಕ್ಕೆ ಒಂದು ತುಂಡು ಬಟ್ಟೆ ಟೇಪ್ ಅಂಟಿಸಿ. ತೀರಾ ಒಣಗಿದ ಹಾಗಿದೆ ಅನ್ನಿಸಿದರೆ ತೂತು ಕೊರೆಸಿ ಎರಡು ರಿವೆಟ್ (ಸಡಿಲವಾಗಿ ಕೂರುವ ಲೋಹದ ಮೊಳೆ) ಹಾಕಿಸಬಹುದು, ಸಣ್ಣಗೆ ಸ್ಸ್ ಅನ್ನುವ ಬಾಲ ಸೇರಿಕೊಳ್ಳುತ್ತದೆ. ಆದರೆ ಟೇಪ್ ಕೀಳಬಹುದು, ತೂತು ಮುಚ್ಚಲಾಗದು. ಮೊದಲು ಟೇಪ್.

ಇಷ್ಟೆಲ್ಲ ಕೇಳಿದ ಮೇಲೂ ಬೆಲ್ ಬೇಕೇ ಬೇಕು, ಲ್ಯಾಟಿನ್ ಅಮೆರಿಕದ ಸಂಗೀತ ಬಾರಿಸುತ್ತೇನೆ ಅನ್ನುವವರು ಇರುತ್ತಾರೆ. ಅವರಿಗೆ ಕೌಬೆಲ್ ಇದೆ. ಅದಕ್ಕೊಂದು ಕಂಬಿ ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಕೊಟ್ಟಿರುತ್ತಾರೆ.