ಬಿಲ್ ಬರಲಿಲ್ಲ, ಆದರೆ ದುಡ್ಡು ಹೋಯಿತು

ಕೇಳುಗರೇ, ನಮಸ್ಕಾರ.

ಮೈ ಬಿಸಿಯಾಗಿದೆ, ಕೆಮ್ಮು ಬೇರೆ. ಪರೀಕ್ಷೆ ಮಾಡಿಸಬೇಕು. ಆದರೆ ಎಷ್ಟು ಕೀಳುತ್ತಾರೋ ಎಂಬ ಭಯಕ್ಕೆ ಮಾತ್ರೆ ನುಂಗಿ ಸುಮ್ನೆ ಕೆಲಸಕ್ಕೆ ಹೋಗುತ್ತೀರಿ. ಬೇರೆ ಕಾಯಿಲೆಯಾದರೆ ಅದು ನಿಮ್ಮೊಬ್ಬರ ಕಷ್ಟ. ಅಂಟುಜಾಡ್ಯವಾದರೆ ಪಕ್ಕದಲ್ಲಿ ಕೂತವರಿಗೂ ತಗಲುತ್ತದೆ, ಅಲ್ವಾ?

2020ರ ಮಾರ್ಚ್‌ನಲ್ಲಿ ಅಮೆರಿಕ ಸಿಕ್ಕಿಬಿದ್ದದ್ದು ಈ ಪೇಚಿನಲ್ಲೇ. ಅಲ್ಲಿ ವಿಮೆ ಇದ್ದರೂ ಎಷ್ಟೋ ಜನ ಮೊದಲು ಒಂದಷ್ಟು ದುಡ್ಡನ್ನು ಕೈಯಿಂದ ಹಾಕಬೇಕು. ಅದಕ್ಕೆ ಡಿಡಕ್ಟಿಬಲ್ ಅನ್ನುತ್ತಾರೆ. ಹಾಗಾಗಿ ಮಾರ್ಚ್ 18ರಂದು ಫ್ಯಾಮಿಲೀಸ್ ಫಸ್ಟ್ ಎಂಬ ಕಾಯ್ದೆಗೆ ಸಹಿ ಬಿತ್ತು. ಕೊರೊನಾ ಪರೀಕ್ಷೆಯ ಖರ್ಚು ವಿಮಾ ಕಂಪನಿಯದ್ದಾಯಿತು. ರೋಗಿಯಿಂದ ಒಂದು ಡಾಲರೂ ಕೇಳುವಂತಿರಲಿಲ್ಲ, ಮೊದಲು ನಮ್ಮ ಅನುಮತಿ ಪಡೆಯಿರಿ ಅನ್ನುವಂತೆಯೂ ಇರಲಿಲ್ಲ.

ಒಂಬತ್ತೇ ದಿನಕ್ಕೆ ಕೇರ್ಸ್ ಕಾಯ್ದೆ ಬಂತು. ಆಗಿನ್ನೂ ಲಸಿಕೆಯೇ ಇರಲಿಲ್ಲ. ಆದರೂ ತಜ್ಞರ ಸಮಿತಿ ಶಿಫಾರಸು ಮಾಡಿದ 15 ಕೆಲಸದ ದಿನಗಳೊಳಗೆ ವಿಮೆ ಅದರ ಪೂರ್ತಿ ಖರ್ಚು ಹೊರಬೇಕು ಎಂದು ಬರೆದಿಟ್ಟರು. ಮಾಮೂಲಿ ನಿಯಮದಲ್ಲಿ ಇದಕ್ಕೆ ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದಿತ್ತು. ಈ ಮುಂದಾಲೋಚನೆಗೆ ನನ್ನ ಪೂರ್ತಿ ಅಂಕ.

ಎಡವಿದ್ದು ದರದ ವಿಷಯದಲ್ಲಿ. ಲ್ಯಾಬ್‌ಗೂ ವಿಮಾ ಕಂಪನಿಗೂ ಮೊದಲೇ ಒಪ್ಪಂದ ಇದ್ದರೆ ತೊಂದರೆಯಿರಲಿಲ್ಲ, ಆ ದರವೇ ನಡೆಯುತ್ತಿತ್ತು. ಇಲ್ಲದಿದ್ದರೆ? ಲ್ಯಾಬ್ ತನ್ನ ವೆಬ್‌ಸೈಟಿನಲ್ಲಿ ಹಾಕಿದ ನಗದು ದರವನ್ನು ಕಂಪನಿ ಕೊಡಬೇಕಿತ್ತು. ಕಡಿಮೆ ಮಾಡಿ ಎಂದು ಚೌಕಾಸಿ ಮಾಡಬಹುದಿತ್ತು, ಸರಿ. ಆದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಎಂದಾಗ ಚೌಕಾಸಿಗೆ ಯಾರು ಕೂರುತ್ತಾರೆ? ದರ ಪ್ರಕಟಿಸದ ಲ್ಯಾಬ್‌ಗೆ ದಿನಕ್ಕೆ 300 ಡಾಲರ್‌ವರೆಗೆ ದಂಡ ಇತ್ತು. ಎಷ್ಟು ದರ ಹಾಕಬೇಕು ಅನ್ನುವುದಕ್ಕೆ ಮಾತ್ರ ಲಂಗುಲಗಾಮಿರಲಿಲ್ಲ. ಹಿರಿಯರಿಗಾಗಿ ಸರ್ಕಾರವೇ ನಡೆಸುವ ವಿಮೆಯಾದ ಮೆಡಿಕೇರ್, 2020ರ ಏಪ್ರಿಲ್‌ನಲ್ಲಿ ದೊಡ್ಡ ಯಂತ್ರಗಳಲ್ಲಿ ಮಾಡುವ ಪರೀಕ್ಷೆಗೆ 100 ಡಾಲರ್ ನಿಗದಿ ಮಾಡಿತು. ಕೆಲವು ಲ್ಯಾಬ್‌ಗಳು ಅದರ ಎಷ್ಟೋ ಪಟ್ಟು ಬರೆದುಕೊಂಡವು. ರೋಗಿಗೆ ಬಿಲ್ ಬರಲಿಲ್ಲ, ಹಾಗಾಗಿ ಜಗಳವೂ ಆಗಲಿಲ್ಲ. ಆದರೆ ವಿಮಾ ಕಂಪನಿ ಗಿಡದಿಂದ ದುಡ್ಡು ಕಿತ್ತು ತರುವುದಿಲ್ಲ. ನಮ್ಮ ನಿಮ್ಮಂಥವರು ಕಟ್ಟುವ ಪ್ರೀಮಿಯಂನಿಂದಲೇ ತರುವುದು.

2022ರ ಜನವರಿ 15ರಿಂದ ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗಳೂ ಸೇರಿದವು, ತಲೆಗೆ ತಿಂಗಳಿಗೆ 8 ಪರೀಕ್ಷೆ. ಈ ಸಲ ಹುಷಾರಾಗಿದ್ದರು. ಕಂಪನಿ ತಾನು ಗೊತ್ತುಮಾಡಿದ ಅಂಗಡಿಗಳಲ್ಲಿ ಕಿಟ್ ಸಿಗುವಂತೆ ಮಾಡಿದರೆ, ಬೇರೆ ಕಡೆ ಕೊಂಡದ್ದಕ್ಕೆ ಒಂದು ಪರೀಕ್ಷೆಗೆ 12 ಡಾಲರ್‌ಗಿಂತ ಜಾಸ್ತಿ ಕೊಡಬೇಕಿರಲಿಲ್ಲ. ಈ ಬುದ್ಧಿ ಬರಲು ಸುಮಾರು ಎರಡು ವರ್ಷ ಹಿಡಿಯಿತು.

ಇನ್ನು ವಿಮೆಯೇ ಇಲ್ಲದವರು. ಅವರಿಗಾಗಿ ಸರ್ಕಾರ ಬೇರೆ ನಿಧಿ ಇಟ್ಟಿತ್ತು. ಅದು ಬರಿದಾಯಿತು. 2022ರ ಮಾರ್ಚ್ 22ಕ್ಕೆ ಪರೀಕ್ಷೆಯ ಬಿಲ್‌ಗಳನ್ನು, ಏಪ್ರಿಲ್ 5ಕ್ಕೆ ಲಸಿಕೆಯ ಬಿಲ್‌ಗಳನ್ನು ತೆಗೆದುಕೊಳ್ಳುವುದು ನಿಂತಿತು. ಬಿಲ್‌ಗೆ ಹೆದರಿ ಮಾತ್ರೆ ನುಂಗುವವರು ಜಾಸ್ತಿ ಇದ್ದದ್ದು ಇವರಲ್ಲೇ.

2023ರ ಮೇ 11ರಂದು ಕೊರೊನಾಗಾಗಿ ಘೋಷಿಸಿದ್ದ ಆರೋಗ್ಯ ತುರ್ತುಸ್ಥಿತಿ ಮುಗಿಯಿತು. ಪರೀಕ್ಷೆಯ ಖರ್ಚನ್ನು ವಿಮೆ ಹೊರಲೇಬೇಕೆಂಬ ಕಡ್ಡಾಯವೂ ಅಲ್ಲಿಗೆ ಕಳಚಿತು. ಲಸಿಕೆಯದ್ದು ಉಳಿಯಿತು. ಆದರೆ ಅದನ್ನು ಬಿಟ್ಟಿ ಹಾಕಿಸಿಕೊಳ್ಳಬೇಕೆಂದರೆ ಆಸ್ಪತ್ರೆ ವಿಮಾ ಕಂಪನಿಯ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಂಡು ಹೋಗಬೇಕು.

ನಮಸ್ಕಾರ.